ಮೊದಲ ಬಟ್ಟೆ

ಕಚ್, ಆಮೇಲೆ ಪರ್ — ಅಡುಗೆಮನೆಯಿಂದ ಮತ್ತೆ ಅದೇ ಸದ್ದು, ಅಮ್ಮ ಇನ್ನೊಂದು ಹಳೆಯ ಪಂಚೆಗೆ ಕೈಹಾಕಿದಳು, ಈಳಿಗೆಮಣೆಯ ಮೇಲೆ ಅಂಚನ್ನು ಕಚ್ಚೆಂದು ಕೊಯ್ದುಕೊಂಡು ಆಮೇಲೆ ಎರಡು ಕೈಯಲ್ಲೂ ಹಿಡಿದು ಎಳೆಯುತ್ತಾಳೆ, ಇದು ಅಪ್ಪನ ಪಂಚೆಯೇ ಇರಬೇಕು, ಸೀರೆಯಾದರೆ ಸದ್ದು ಇನ್ನೂ ಉದ್ದ ಬರುತ್ತದೆ, ಹೊಟ್ಟೆಯೊಳಗಿರುವುದಕ್ಕೂ ಇದು ಕೇಳಿಸುತ್ತದೆಯೇ, ಕೇಳಿಸಿದರೆ ಏನೆಂದುಕೊಳ್ಳುತ್ತದೆ, ತನ್ನ ಬಟ್ಟೆ ಅಂತ ಅದಕ್ಕೆ ಹೇಗೆ ತಿಳಿಯಬೇಕು ಪಾಪ, ಬಟ್ಟೆ ಅಂದರೇನು ಅಂತಲೇ ಗೊತ್ತಿಲ್ಲದ ಪ್ರಾಣಿ ಅದು — ವರಲಕ್ಷ್ಮಿ ಮಂಚದ ಮೇಲೆ ಕಾಲು ಅಗಲಿಸಿ ಕೂತು ಎದುರಿಗೆ ರೆಕ್ಸಿನ್ ಬ್ಯಾಗು ಇಟ್ಟುಕೊಂಡಿದ್ದಾಳೆ, ಆಸ್ಪತ್ರೆಗೆ ಒಯ್ಯುವ ಬ್ಯಾಗು, ಮದುವೆಯಲ್ಲಿ ಸೀರೆ ಅಂಗಡಿಯವರು ಬಿಟ್ಟಿ ಕೊಟ್ಟದ್ದು, ಅದರ ಜಿಪ್ಪು ಅರ್ಧ ದಾರಿಗೆ ಬಂದು ನಿಂತುಬಿಡುತ್ತದೆ, ಸೋಪು ಉಜ್ಜಿದರೆ ಹೋಗುತ್ತದಂತೆ, ನಾಗರಾಜ್ ಹೇಳಿದ್ದು, ಗಂಡನಾದವನಿಗೆ ಹೆಂಡತಿಗಿಂತ ಜಿಪ್ಪಿನ ಚಿಂತೆಯೇ ಹೆಚ್ಚು, ಇಲ್ಲ ಇಲ್ಲ, ಸುಮ್ಮನೆ ಆಡಿಕೊಳ್ಳಬಾರದು, ಬೆಳಿಗ್ಗೆ ಕೂಡ ಕುಡುಮಲಕುಂಟೆಯ ಫ್ಯಾಕ್ಟರಿ ಗೇಟಿನ ಹತ್ತಿರ ನಿಂತು ಫೋನು ಮಾಡಿದ್ದ, ಏನಾದ್ರೂ ಅನ್ನಿಸ್ತಾ ಇದ್ಯಾ, ಏನೂ ಅನ್ನಿಸ್ತಿಲ್ಲ, ಸ್ವಲ್ಪಾನೂ ಅನ್ನಿಸ್ತಿಲ್ವಾ, ಅನ್ನಿಸಿದ್ರೆ ನಾನೇ ಹೇಳಲ್ವೇನ್ರೀ, ಅಂದಿದ್ದಳು, ಅನ್ನಿಸುವುದು ಅಂದರೆ ಹೇಗಿರುತ್ತದೆ ಅಂತ ಅವಳಿಗೇ ತಿಳಿಯದು, ಅದೇ ಅವಳ ಕುತೂಹಲ, ಊರಿನ ಹೆಂಗಸರೆಲ್ಲ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಹಿಂದಿನ ಬೀದಿಯ ಸೂಲಗಿತ್ತಿ ಚಿಕ್ಕವೆಂಕಟಮ್ಮನನ್ನು ಕೇಳಿದರೆ ಅವಳು ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕಿದ್ದಳು, ನಿಜವಾದ ನೋವು ಬಂದಾಗ ಇದೇನಾ ಅದು ಅಂತ ನೀನು ಯಾರ್ನೂ ಕೇಳಲ್ಲ ಕಣಮ್ಮ, ಕೇಳ್ತಾ ಇದ್ದೀಯಾ ಅಂದ್ರೆ ಅದಲ್ಲ ಅಂತಾನೇ ಅರ್ಥ. ತಾಯಿ ಕಾರ್ಡು ಹಾಕ್ಕೊಂಡ್ಯಾ, ಅಮ್ಮನ ಕೂಗು, ಹಾಕ್ಕೊಂಡೆ, ಕಿವಿಗೆ ಹತ್ತಿ, ಅದೂ ಇದೆ, ಕಟ್ಕೊಳ್ಳೋಕೆ ಸ್ಕಾರ್ಫು, ಇದೆಯಮ್ಮ, ಚೊಂಬು, ಲೋಟ, ಫ್ಲಾಸ್ಕು, ಎರಡು ನೈಟಿ, ಹರಳೆಣ್ಣೆ ಸೀಸೆಗೆ ಮುಚ್ಚಳ ಬಿಗಿ ಮಾಡು ಎಲ್ಲಾ ಗಬ್ಬೆದ್ದು ಹೋಗುತ್ತೆ, ಮಾಡಿದೆ, ಇನ್ನೂ ಏನೋ ಉಳಿಯಿತು ಅನ್ನುವಂತೆ ಅಮ್ಮನ ದನಿ ಕೊನೆಗೆ ಎಳೆದುಕೊಂಡು ನಿಲ್ಲುತ್ತದೆ, ಎರಡು ದಿನದಿಂದ ಹಾಗೆಯೇ ನಿಲ್ಲುತ್ತಿದೆ, ಉಳಿದದ್ದು ಏನು ಅಂತ ಇಬ್ಬರಿಗೂ ಗೊತ್ತು, ಹೇಳುವುದಿಲ್ಲ.

ಹೊಸದು ಅನ್ನುವುದು ಒಂದೂ ಇಲ್ಲ ಈ ಬ್ಯಾಗಿನಲ್ಲಿ, ಬಾಣಂತಿಯ ನೈಟಿ ಕೂಡ ಹಳೆಯದೇ, ಹುಟ್ಟುವ ಮುಂಚೆ ಮಗುವಿಗೆ ಅಂತ ಒಂದು ದಾರದೆಳೆಯನ್ನೂ ತರಬಾರದು, ತಂದರೆ ಏನಾಗುತ್ತದೆ ಅಂತ ಕೇಳಲೂ ಬಾರದು, ಕೇಳಿದರೆ ಅಮ್ಮ ಬಾಯಿಯ ಮೇಲೆ ಬೆರಳಿಟ್ಟು ಕಣ್ಣು ದೊಡ್ಡದು ಮಾಡುತ್ತಾಳೆ, ಮದುವೆಗೆ ಮುಂಚೆಯೂ ಮದುವೆಯಾದ ಮೇಲೂ ವರಲಕ್ಷ್ಮಿ ಫ್ಯಾಕ್ಟರಿಯಲ್ಲಿ ಹೊಲಿದದ್ದೆಲ್ಲ ಹೊಸ ಹೊಸ ಕೂಸುಬಟ್ಟೆಗಳನ್ನೇ, ಬಾತುಕೋಳಿಯ ಚಿತ್ರವಿದ್ದ ಗೇಣುದ್ದದ ಅಂಗಿಗಳು, ಅಂಗಿ ಪೂರ್ತಿ ಅವಳದಲ್ಲ, ಎಡತೋಳು ಮಾತ್ರ, ಬೆಳಗಿನಿಂದ ಸಂಜೆಯವರೆಗೂ ಎಡತೋಳು, ಬಲತೋಳು ಪಕ್ಕದ ಮೆಷಿನ್ನಿನ ಪ್ರಿಯಾಂಕಳ ಪಾಲು, ಅಷ್ಟು ಸಣ್ಣ ತೋಳಿನೊಳಗೆ ಹೋಗುವ ಕೈ ಎಷ್ಟು ಸಣ್ಣದಿರಬೇಕು ಅಂತ ಇಬ್ಬರೂ ಬೆರಳು ತೂರಿಸಿ ನೋಡುವುದು, ಎರಡು ಬೆರಳಿಗಿಂತ ಹೆಚ್ಚು ಹಿಡಿಸುವುದಿಲ್ಲ, ಅದೆಲ್ಲ ಹಡಗು ಹತ್ತಿ ಹೋಗುತ್ತದೆ, ಅಲ್ಲಿನ ತಾಯಂದಿರು ಮಗು ಹುಟ್ಟೋಕೆ ಮುಂಚೇನೇ ಬೀರು ತುಂಬಾ ಜೋಡಿಸಿಟ್ಟಿರ್ತಾರಂತೆ ಕಣೇ, ಗೋಡೆಗೂ ಬಣ್ಣ ಹೊಡೆಸಿರ್ತಾರಂತೆ, ಪ್ರಿಯಾಂಕ ಹೇಳಿದಾಗ ವರಲಕ್ಷ್ಮಿಯ ಕಾಲು ಪೆಡಲಿನ ಮೇಲೆಯೇ ನಿಂತಿತ್ತು, ಅವರಿಗೆ ಹೆದರಿಕೆಯೇ ಆಗುವುದಿಲ್ಲವೇ, ಅಷ್ಟೊಂದು ಧೈರ್ಯ ಎಲ್ಲಿಂದ ಬರುತ್ತದೆ, ಅಥವಾ ನಮ್ಮ ಹೆದರಿಕೆ ಎಲ್ಲಿಂದ ಬಂತು, ಯಾವ ಕಾಲದ ಯಾವ ತಾಯಿ ಹೊಸ ಬಟ್ಟೆ ತಂದಿಟ್ಟುಕೊಂಡು ಬರಿಗೈಯಲ್ಲಿ ಮನೆಗೆ ಬಂದಳೋ, ಅವಳ ಸಂಕಟವನ್ನು ಇವರೆಲ್ಲ ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದಾರೋ ಏನೋ, ಹಾಗೆ ಯೋಚಿಸಿದರೆ ಶಾಸ್ತ್ರದ ಮೇಲೆ ಸಿಟ್ಟು ಬರುವುದಿಲ್ಲ, ಅಯ್ಯೋ ಅನ್ನಿಸುತ್ತದೆ. ಆದರೆ ಈ ಇನ್ನೊಂದು ಶಾಸ್ತ್ರವಿದೆಯಲ್ಲ, ಹುಟ್ಟಿದ ಕೂಸಿನ ಮೈಗೆ ಮೊದಲು ತಾಕುವ ಬಟ್ಟೆ ಹೆತ್ತ ಮಕ್ಕಳೆಲ್ಲ ಉಳಿದು ಬೆಳೆದ ಹೆಂಗಸಿನ ಸೀರೆಯದೇ ಆಗಬೇಕು, ಅವಳ ಮೈಮೇಲೆ ಸವೆದದ್ದೇ ಆಗಬೇಕು, ಅದಕ್ಕಾಗಿ ಅಮ್ಮ ಮೊನ್ನೆ ಬಸ್‌ಸ್ಟ್ಯಾಂಡಿನ ಹತ್ತಿರದ ಶ್ಯಾಮಲಮ್ಮನ ಮನೆಯವರೆಗೆ ಹೋಗಿ ಒಂದು ಸೀರೆ ಕೇಳಿ ತಂದಳು, ಏಳು ಮಕ್ಕಳ ತಾಯಿ ಶ್ಯಾಮಲಮ್ಮ, ಗಂಡ ಗಟ್ಟಿಮುಟ್ಟಾಗಿದ್ದಾನೆ, ಏಳೂ ಮಕ್ಕಳು ಗುಂಡುಕಲ್ಲಿನ ಹಾಗಿದ್ದಾರೆ, ಎಲ್ಲ ಸರಿ, ಸೀರೆ ಮಾತ್ರ ಪಾಲಿಯೆಸ್ಟರ್. ಮುಟ್ಟಿದ ಕೂಡಲೇ ವರಲಕ್ಷ್ಮಿಗೆ ತಿಳಿಯಿತು, ಬೆರಳಿಗೆ ಜಾರುತ್ತದೆ, ಇದು ಕಾಟನ್ ಅಲ್ಲಮ್ಮ, ಇದರಲ್ಲಿ ಸುತ್ತಿದ್ರೆ ಕೂಸು ಬೆಂದು ಹೋಗುತ್ತೆ, ನೀರೂ ಹೀರಲ್ಲ, ಏಳು ಮಕ್ಕಳ ತಾಯಿ ಕಣೇ, ಎಪ್ಪತ್ತು ಮಕ್ಕಳ ತಾಯಿ ಆದ್ರೂ ಪಾಲಿಯೆಸ್ಟರ್ ಪಾಲಿಯೆಸ್ಟರೇ ಅಲ್ವೇನಮ್ಮ, ಒಂದು ಎಳೆ ಕಿತ್ತು ದೇವರ ದೀಪಕ್ಕೆ ಹಿಡಿದು ತೋರಿಸಿದ್ದಳು, ಬೂದಿಯಾಗಲಿಲ್ಲ, ಸುರುಟಿಕೊಂಡು ಸಾಸಿವೆಕಾಳಿನಂತೆ ಗಟ್ಟಿ ಗುಂಡಾಯಿತು, ಅಮ್ಮ ಆ ಗುಂಡನ್ನು ಉಗುರಿನಿಂದ ಒತ್ತಿ ನೋಡಿದಳು, ಎದ್ದು ಒಳಗೆ ಹೋದಳು, ಹೋಗುವಾಗ ಅವಳ ಕಣ್ಣು ಒಂದು ಕ್ಷಣ ಎಡಗಡೆಯ ಗೋಡೆಯ ಕಡೆ ಹೋಗಿ ಬಂತು.

ಎಡಗಡೆಯ ಗೋಡೆ ಎರಡು ಮನೆಗೂ ಒಂದೇ, ಈ ಕಡೆ ಕೆಮ್ಮಿದರೆ ಆ ಕಡೆ ಕೇಳಿಸುತ್ತದೆ, ಆ ಕಡೆ ಅಮ್ಮಾಜಮ್ಮ, ವರಲಕ್ಷ್ಮಿಗೆ ದೊಡ್ಡಮ್ಮ, ರಕ್ತಸಂಬಂಧದ ದೊಡ್ಡಮ್ಮ ಅಲ್ಲ, ಅದಕ್ಕಿಂತ ಹೆಚ್ಚಿನವಳು, ವರಲಕ್ಷ್ಮಿ ಹುಟ್ಟಿದಾಗ ಅಮ್ಮನಿಗೆ ಜ್ವರ ಬಂದು ಹಾಲೇ ಬತ್ತಿಹೋಗಿತ್ತಂತೆ, ಆ ಕಡೆ ದೊಡ್ಡಮ್ಮನ ಐದನೆಯ ಮಗ ರಮೇಶ್‌ಬಾಬು ಇನ್ನೂ ತೊಟ್ಟಿಲ ಕೂಸು, ಅವನನ್ನು ಒಂದು ಕಡೆಗೆ ಇವಳನ್ನು ಒಂದು ಕಡೆಗೆ ಹಾಕಿಕೊಂಡು ಕೂತುಬಿಟ್ಟಳಂತೆ, ಅದನ್ನು ಅವಳೇ ಎಷ್ಟು ಸಲ ಹೇಳಿಲ್ಲ, ಆ ನನ್ಮಗ ಕಚ್ಚೋನು ಕಣೇ, ನೀನು ಕಚ್ತಾ ಇರ್ಲಿಲ್ಲ, ಕಣ್ಣು ಬಿಟ್ಕೊಂಡು ನನ್ನ ಮುಖಾನೇ ನೋಡ್ತಾ ಕುಡಿಯೋಳು, ನಾ ಬಂಗಾರು ತಲ್ಲಿ, ತೆಲುಗಿನಲ್ಲಿ ಮುದ್ದು ಮಾಡುವಾಗ ಅವಳ ದನಿಯೇ ಬೇರೆ, ಬೈಯುವುದು ಕನ್ನಡದಲ್ಲಿ, ಮುದ್ದು ತೆಲುಗಿನಲ್ಲಿ, ಮಂಚೇನಹಳ್ಳಿಯಲ್ಲಿ ಎಷ್ಟೋ ಮನೆಯಲ್ಲಿ ಹಾಗೆಯೇ, ಹೊಟ್ಟೆಯೊಳಗಿರುವುದು ಯಾವ ಭಾಷೆ ಮೊದಲು ಕಲಿಯುತ್ತದೋ. ದೊಡ್ಡಮ್ಮ ಬಟ್ಟೆ ಹರಿಯುವುದೂ ಬೇರೆ ಥರ, ಅವಳಿಗೆ ಈಳಿಗೆಮಣೆ ಬೇಡ, ಕತ್ತರಿ ಬೇಡ, ಅಂಚಿನ ಮೂಲೆಯನ್ನು ಬಾಯಿಗಿಟ್ಟು ಮುಂದಿನ ಹಲ್ಲಿನಲ್ಲಿ ಕಡಿಯುತ್ತಾಳೆ, ಒಂದು ಕ್ಷಣ ಸದ್ದೇ ಇರುವುದಿಲ್ಲ, ಹುಬ್ಬು ಗಂಟಿಕ್ಕಿರುತ್ತದೆ, ಆಮೇಲೆ ಒಂದೇ ಎಳೆತ, ಪರ್, ಈ ತುದಿಯಿಂದ ಆ ತುದಿಯವರೆಗೆ ಗೆರೆ ಎಳೆದಂತೆ, ಚಿಕ್ಕವಳಿದ್ದಾಗ ವರಲಕ್ಷ್ಮಿ ಎದುರಿಗೆ ಕೂತು ಆ ಸದ್ದಿಲ್ಲದ ಕ್ಷಣಕ್ಕೇ ಕಾಯುತ್ತಿದ್ದಳು, ಈಗ ಬರುತ್ತದೆ ಈಗ ಬರುತ್ತದೆ ಅಂತ ಮೈಯೆಲ್ಲ ಜುಮ್ಮೆನ್ನುವುದು, ತಾನೂ ಕಡಿಯಲು ಹೋಗಿ ಅಲುಗುತ್ತಿದ್ದ ಹಾಲುಹಲ್ಲು ಬಟ್ಟೆಯಲ್ಲೇ ಸಿಕ್ಕಿಕೊಂಡು ಬಂದು ಇಬ್ಬರೂ ಬಿದ್ದು ಬಿದ್ದು ನಕ್ಕದ್ದು. ಅಂಥ ದೊಡ್ಡಮ್ಮ ಗೋಡೆಯ ಆಚೆಯೇ ಇದ್ದಾಳೆ, ಹೆತ್ತ ಐದು ಮಕ್ಕಳೂ ಚೆನ್ನಾಗಿದ್ದಾರೆ, ಟ್ರಂಕಿನ ತುಂಬ ಸವೆದ ಚೌಕಳಿ ಸೀರೆಗಳಿವೆ, ಪೂರಾ ಹತ್ತಿಯವು, ಅಮ್ಮ ಬಸ್‌ಸ್ಟ್ಯಾಂಡಿಗೆ ಹೋಗಿ ಪಾಲಿಯೆಸ್ಟರ್ ತರುತ್ತಾಳೆ.

ಯಾಕೆ ಅಂದರೆ ದೊಡ್ಡಪ್ಪ ಚನ್ನಕೇಶವ ಹೋಗಿಬಿಟ್ಟ, ಎರಡು ವರ್ಷದ ಹಿಂದೆ ಸಂಕ್ರಾಂತಿ ಕಳೆದ ಮೇಲೆ, ವರಲಕ್ಷ್ಮಿಯ ಮದುವೆಗೆ ದಿನ ಗೊತ್ತಾದ ಮೇಲೆ, ಎದೆನೋವು ಅಂದವನು ಗೌರಿಬಿದನೂರು ಮುಟ್ಟಲಿಲ್ಲ, ಮದುವೆ ಬೇಸಿಗೆಯಲ್ಲಿ, ಮದುವೆ ಮಾಡಲು ಗೌರಿಬಿದನೂರಿನಲ್ಲೇ ಛತ್ರ ಹಿಡಿದಿದ್ದರು, ಅಮ್ಮ ದೊಡ್ಡಮ್ಮನ ಮನೆಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದಳಂತೆ, ಅಮ್ಮಾಜಕ್ಕ, ಉಗ್ರಾಣದ ಜವಾಬ್ದಾರಿ ನಿಂದೇ, ಅಕ್ಕಿ ಬೇಳೆ ತುಪ್ಪ ಎಲ್ಲ ಅಲ್ಲೇ ಇರುತ್ತೆ, ನಂಬಿಕಸ್ಥರು ಅಂತ ನಂಗೆ ಬೇರೆ ಯಾರವ್ರೆ ಹೇಳು — ಎಂಥ ಮಾತು ಅದು, ಎಷ್ಟು ನಯವಾದ ಮಾತು, ಗೌರವ ಕೊಟ್ಟು ಬಾಗಿಲು ಹಾಕುವ ಮಾತು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು ಮಂಟಪದ ಹತ್ತಿರ ಬರುವ ಹಾಗಿಲ್ಲ, ಅರಿಶಿನ ಹಚ್ಚುವಾಗ ಬೇಡ, ಬಳೆ ತೊಡಿಸುವಾಗ ಬೇಡ, ಧಾರೆಯ ಹೊತ್ತಿಗೆ ಬೇಡವೇ ಬೇಡ, ಯಾರೂ ಬರಬೇಡ ಅನ್ನಲಿಲ್ಲ, ಉಗ್ರಾಣ ಬಿಟ್ಟು ಬರುವುದು ಹೇಗೆ ಅಷ್ಟೇ. ದೊಡ್ಡಮ್ಮ ದಡ್ಡಿಯಲ್ಲ. ಎರಡೂ ದಿನ ಉಗ್ರಾಣದ ಹೊಸ್ತಿಲು ದಾಟಲಿಲ್ಲ, ಊಟಕ್ಕೂ ಏಳಲಿಲ್ಲ, ಮದುವೆ ಮುಗಿದ ಮೇಲೆ ಬೀಗದ ಕೈಯನ್ನು ಅಮ್ಮನ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟು ಬಸ್ಸು ಹತ್ತಿದಳು, ಅವತ್ತಿನಿಂದ ಈ ಮನೆಗೂ ಆ ಮನೆಗೂ ಮಾತಿಲ್ಲ, ಮದುವೆಯ ಆಲ್ಬಮ್ಮು ಎಷ್ಟು ಸಲ ತಿರುವಿದರೂ ಅವಳು ಎಲ್ಲೂ ಸಿಗುವುದಿಲ್ಲ, ಹಿಂದಿನ ಕಂಬ, ಕುರ್ಚಿ, ಯಾರದೋ ಚಪ್ಪಲಿ ಕೂಡ ಸಿಗುತ್ತದೆ, ಅವಳಿಲ್ಲ. ಆಮೇಲೆ ಯಾವಾಗಲೋ ಅಡುಗೆಯ ಕೋನಪ್ಪ ಬಸ್ಸಿನಲ್ಲಿ ಸಿಕ್ಕಾಗ ಹೇಳಿದ, ಗಟ್ಟಿಮೇಳ ಅಂತ ಕೂಗಿದ್ರಲ್ಲಮ್ಮ, ಆವಾಗ ಆಯಮ್ಮ ಚೀಲದಿಂದ ಒಂದು ಹಿಡಿ ಅಕ್ಕಿ ತಗೊಂಡು ಬಾಗ್ಲು ಕಡೆ ಎರಚಿದ್ರು, ನಾನು ಒಗ್ಗರಣೆ ಹಾಕ್ತಾ ಇದ್ದೆ, ಕಣ್ಣಾರೆ ನೋಡ್ದೆ, ಬಾಗಿಲಿನ ಕಡೆಗೆ, ಮುಚ್ಚಿದ ಬಾಗಿಲೋ ತೆರೆದ ಬಾಗಿಲೋ ಅಂತ ಕೇಳಬೇಕೆಂದು ವರಲಕ್ಷ್ಮಿಗೆ ಎಷ್ಟು ಆಸೆ, ಕೇಳುವಷ್ಟರಲ್ಲಿ ಅವನ ಸ್ಟಾಪು ಬಂದಿತ್ತು. ಅಮ್ಮ ಕೆಟ್ಟವಳಲ್ಲ, ಅದೇ ತಮಾಷೆ, ಕೆಟ್ಟವಳಾಗಿದ್ದರೆ ಸಿಟ್ಟು ಮಾಡಿಕೊಂಡು ಆರಾಮಾಗಿರಬಹುದಿತ್ತು, ಅಮ್ಮ ಹೆದರಿದವಳು, ಮಗಳ ಮದುವೆಯಲ್ಲಿ ಮುಂದೆ ಏನಾದರೂ ಎಡವಟ್ಟಾದರೆ ಜನ ಏನೆಂದಾರು ಅಂತ ಹೆದರಿದವಳು, ಜನ ಯಾರು ಅಂತ ಕೇಳಿದರೆ ಒಬ್ಬರ ಹೆಸರನ್ನೂ ಹೇಳಲಾರಳು.

ಈ ಸಲ ಏಳನೇ ತಿಂಗಳು ತುಂಬಿ ವರಲಕ್ಷ್ಮಿ ಹೆರಿಗೆಗೆ ತವರಿಗೆ ಬಂದ ಮಾರನೇ ದಿನವೇ ಗೋಡೆಯ ಮೇಲೆ ಒಂದು ಬಟ್ಟಲು ಕಂಡಿತು, ಹಿತ್ತಿಲ ಕಡೆ ಗೋಡೆ ಎದೆಮಟ್ಟಕ್ಕೇ ನಿಲ್ಲುತ್ತದಲ್ಲ ಅಲ್ಲಿ, ಬಟ್ಟಲಲ್ಲಿ ಮಾವಿನಕಾಯಿಯ ಹೋಳು, ಉಪ್ಪು ಕಾರ ಸವರಿದ್ದು, ಯಾರೂ ಕೂಗಲಿಲ್ಲ, ಯಾರೂ ಕಾಣಲಿಲ್ಲ, ವರಲಕ್ಷ್ಮಿ ಅಲ್ಲೇ ನಿಂತು ನಾಲಿಗೆ ಚಪ್ಪರಿಸಿ ತಿಂದು ಮುಗಿಸಿದಳು, ಅಮ್ಮ ನೋಡಿಯೂ ನೋಡದವಳ ಹಾಗೆ ಬಟ್ಟಲು ತೊಳೆದಳು, ಖಾಲಿ ಪಾತ್ರೆ ವಾಪಸು ಕೊಡಬಾರದು ಅಂತ ಒಂದು ಚಮಚ ಸಕ್ಕರೆ ಹಾಕಿ ಅದೇ ಜಾಗದಲ್ಲಿ ಇಟ್ಟಳು, ನಾಲ್ಕು ದಿನಕ್ಕೆ ಬಟ್ಟಲು ಮತ್ತೆ ಬಂತು, ಹುರುಳಿಸೊಪ್ಪಿನ ಪಲ್ಯ, ಹೋಯಿತು, ಹುರಿಗಡಲೆ ಹೊತ್ತು, ಬಂತು, ಹುಣಸೆಚಿಗುರಿನ ಗೊಜ್ಜು, ಹೀಗೆ ಎರಡು ತಿಂಗಳಿನಿಂದ ಬಟ್ಟಲು ಮಾತ್ರ ಓಡಾಡುತ್ತಿದೆ, ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹಾಗಾದರೆ ಗೊಜ್ಜು ಬರಬಹುದು, ಪಲ್ಯ ಬರಬಹುದು, ಅದನ್ನು ತಿಂದು ಹೊಟ್ಟೆಯ ಕೂಸು ಬೆಳೆಯಬಹುದು, ಬಟ್ಟೆ ಮಾತ್ರ ಬರಬಾರದೇ, ಗೊಜ್ಜಿಗೆ ಇಲ್ಲದ ದೋಷ ಸೀರೆಗೆ ಹೇಗೆ ಅಂಟಿಕೊಂಡಿತು, ಎಲ್ಲಿಂದ ಶುರುವಾಗುತ್ತದೆ ಅದು, ಕೈಯಿಂದಲೇ, ಹಣೆಯಿಂದಲೇ, ದೊಡ್ಡಪ್ಪ ಇದ್ದಾಗ ಉಟ್ಟ ಸೀರೆಗೂ ಅಂಟುತ್ತದೆಯೇ ಅಥವಾ ಆಮೇಲೆ ಉಟ್ಟದ್ದಕ್ಕೆ ಮಾತ್ರವೇ — ನಿನ್ನೆ ಸಂಜೆ ಕೇಳಿಯೇ ಬಿಟ್ಟಳು, ಅಮ್ಮ, ನಾನು ಹುಟ್ಟಿದಾಗ ನಂಗೆ ಮೊದ್ಲು ಸುತ್ತಿದ್ದು ಯಾರ ಬಟ್ಟೆ, ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು, ಯಾರ್ದೋ, ಯಾರ್ದೋ ಅಂದ್ರೆ, ಗೊತ್ತಿದ್ದೂ ಯಾಕೆ ಕೇಳ್ತೀಯ, ಆಮೇಲೆ ಸಿಪ್ಪೆಗಳನ್ನು ಮೊರಕ್ಕೆ ಗುಡ್ಡೆ ಮಾಡುತ್ತಾ, ನೀನು ಚೆನ್ನಾಗಿರ್ಬೇಕು ಅಂತಾನೇ ಕಣೇ ನಾನು ಇಷ್ಟೆಲ್ಲಾ ಮಾಡೋದು, ನಂಗೆ ಇನ್ನೇನಿದೆ, ಅಂದಳು, ಆದರೂ ವರಲಕ್ಷ್ಮಿಗೆ ಬೇಕಾದದ್ದು ಅದೇ, ಆ ಚೌಕಳಿ ಸೀರೆಯೇ, ಬೇರೆ ಯಾವುದೂ ಬೇಡ, ತನ್ನ ಕೂಸು ಈ ಲೋಕಕ್ಕೆ ಬಂದ ಕೂಡಲೇ ಆ ವಾಸನೆಯನ್ನೇ ಮೂಸಬೇಕು, ಹುಣಸೆ, ಹೊಗೆ, ಒಣಗಿದ ಸೋಪು, ಅದಿಲ್ಲದಿದ್ದರೆ ಮದುವೆಯ ಆಲ್ಬಮ್ಮಿನ ಹಾಗೆಯೇ ಇದರಲ್ಲೂ ಅವಳು ಇರುವುದಿಲ್ಲ.

ಕಚ್, ಪರ್. ಈಗ ಇದು ಕೊನೆಯ ಪಂಚೆ ಇರಬೇಕು, ಬ್ಯಾಗಿನಲ್ಲಿ ಇನ್ನು ಜಾಗವೆಲ್ಲಿದೆ, ಚೊಂಬನ್ನು ಪಕ್ಕಕ್ಕೆ ಸರಿಸಿ ಕೆಳಗೆ ಕೈ ಹಾಕಿದರೆ ಮೆತ್ತಗೆ ಏನೋ ತಗಲುತ್ತದೆ, ತಾನು ಹಾಕಿದ್ದಲ್ಲ, ಬ್ಯಾಗಿನ ತಳದ ರಟ್ಟಿನ ಕೆಳಗೆ, ರಟ್ಟನ್ನು ಎತ್ತಿ ಎಳೆದರೆ ಹಳದಿ ದಾರ ಕಟ್ಟಿದ ಸಣ್ಣ ಗಂಟು, ಮುಡುಪೋ ಏನೋ, ಬಿಚ್ಚಬಾರದೋ ಏನೋ, ಬಿಚ್ಚಿಯೇ ಬಿಟ್ಟಳು, ಮಡಿಸಿದ ಬಟ್ಟೆ, ಒಂದೇ ತುಂಡು, ಒಂದು ಕಾಲದಲ್ಲಿ ಬದನೆಕಾಯಿ ಬಣ್ಣವಿದ್ದಿರಬೇಕು, ಈಗ ರಾಗಿ ತೊಳೆದ ನೀರಿನ ಬಣ್ಣ, ಚೌಕಳಿ ಗೆರೆಗಳು ಇದ್ದೂ ಇಲ್ಲದ ಹಾಗೆ, ಮಡಿಕೆಯಲ್ಲಿ ಬೇವಿನೆಲೆ ಪುಡಿಪುಡಿ, ಅಂಚು ಹುಡುಕಿ ಮೂಲೆಗೆ ಬೆರಳು ಹೋಯಿತು, ಅಲ್ಲಿ ಒಂದು ಸಣ್ಣ ಕಚ್ಚು, ಕತ್ತರಿಯದಲ್ಲ, ಈಳಿಗೆಯದಲ್ಲ, ಎಳೆಗಳು ಹಿಂಜಿ ಒಳಕ್ಕೆ ಮಡಚಿದ ಕಚ್ಚು, ಹಲ್ಲಿನ ಗುರುತು. ಇದು ನಾನು, ಅನ್ನಿಸಿತು, ಇದರೊಳಗೆ ಇದ್ದವಳು ನಾನೇ, ಅಮ್ಮ ಇಷ್ಟು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದಳು, ಬೇವಿನೆಲೆ ಬದಲಾಯಿಸುತ್ತಾ, ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೊಳೆಯಿತು, ಹೊಳೆದದ್ದೇ ತಡ ನಗು ತಡೆಯಲಾಗಲಿಲ್ಲ, ಎಲಾ ಅಮ್ಮ, ಎಂಥ ಘಾಟಿ ಹೆಂಗಸು, ಇದು ದೊಡ್ಡಪ್ಪ ಇದ್ದಾಗಿನ ಸೀರೆ, ಮುತ್ತೈದೆ ಅಮ್ಮಾಜಮ್ಮನ ಸೀರೆ, ಶಾಸ್ತ್ರಕ್ಕೂ ಭಂಗವಿಲ್ಲ, ದೊಡ್ಡಮ್ಮನ ಬಟ್ಟೆ ಸುತ್ತಿದಂತೆಯೂ ಆಯಿತು, ಗೋಡೆಯಾಚೆ ಹೋಗಿ ಕೇಳುವ ಮುಜುಗರವೂ ತಪ್ಪಿತು, ದೇವರನ್ನೂ ಜನರನ್ನೂ ಅಕ್ಕನನ್ನೂ ಒಟ್ಟಿಗೆ ಸಂಭಾಳಿಸಲು ರಟ್ಟಿನ ಕೆಳಗೆ ಬಚ್ಚಿಟ್ಟಿದ್ದಾಳೆ, ಮಗಳಿಗೂ ಹೇಳದೆ. ನಗುತ್ತಲೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಬೆಳಕು ಸಲೀಸಾಗಿ ದಾಟಿ ಬಂತು, ಫ್ಯಾಕ್ಟರಿಯ ಅಭ್ಯಾಸ, ಬಟ್ಟೆ ಕೈಗೆ ಬಂದರೆ ಹೆಬ್ಬೆರಳಿನಿಂದ ಸ್ವಲ್ಪ ಹಿಗ್ಗಿಸಿ ನೋಡುವುದು — ಹೆಬ್ಬೆರಳು ಆ ಕಡೆ ಹೊರಟುಹೋಯಿತು. ಸದ್ದೂ ಆಗಲಿಲ್ಲ. ಹಪ್ಪಳಕ್ಕೆ ಬೆರಳು ಒತ್ತಿದರೂ ಸದ್ದಾಗುತ್ತದೆ, ಇದಕ್ಕೆ ಅದೂ ಇಲ್ಲ, ಇನ್ನೊಂದು ಕಡೆ ಹಿಡಿದರೆ ಅಲ್ಲೂ ಹಾಗೇ ಬಿಟ್ಟುಕೊಂಡಿತು, ಏನೇ ಅದು, ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಹರಿದ ಪಂಚೆಯ ತುಂಡುಗಳು, ಅವಳು ಮೊದಲು ನೋಡಿದ್ದು ಬಿಚ್ಚಿದ ಹಳದಿ ದಾರವನ್ನು, ಆಮೇಲೆ ಬಟ್ಟೆಯ ತೂತಿನಿಂದ ಆಚೆ ಬಂದಿದ್ದ ಮಗಳ ಹೆಬ್ಬೆರಳನ್ನು.

ಬೈಯುತ್ತಾಳೆ ಅಂದುಕೊಂಡಳು, ಬೈಯಲಿಲ್ಲ, ಬಂದು ಪಕ್ಕದಲ್ಲಿ ಕೂತಳು, ಬಟ್ಟೆಯನ್ನು ತೊಡೆಯ ಮೇಲೆ ಹರಡಿ ತೂತಿನ ಅಂಚುಗಳನ್ನು ಒಂದಕ್ಕೊಂದು ಕೂಡಿಸಲು ನೋಡಿದಳು, ಕೂಡಿಸಿದ ಕಡೆಯೇ ಇನ್ನಷ್ಟು ಬಿಟ್ಟಿತು, ಇದರಲ್ಲಿ ಕೂಸನ್ನ ಎತ್ಕೊಳ್ಳೋಕಾಗಲ್ಲಮ್ಮ, ಆಗಲ್ಲ, ಅಂದಳು ಅಮ್ಮನೂ, ಯಾರೋ ಬೇರೆಯವರ ದನಿಯಲ್ಲಿ, ಹುಷಾರಾಗಿ ಇಟ್ಟಿದ್ದೆ ಕಣೇ, ವರ್ಷಕ್ಕೊಂದು ಸಲ ಬಿಸಿಲಿಗೆ ಹಾಕ್ತಿದ್ದೆ, ಇಷ್ಟು ಜೀರ್ಣ ಆಗಿದೆ ಅಂತ ಗೊತ್ತಾಗ್ಲಿಲ್ಲ, ಆಗ ಹೇಳಬೇಕೆಂದಿದ್ದ ಮಾತು ವರಲಕ್ಷ್ಮಿಯ ನಾಲಿಗೆಯ ತುದಿಗೆ ಬಂತು, ಬಟ್ಟೆ ಮುಗೀತು ಕಣಮ್ಮ ಉಟ್ಟವಳು ಇದ್ದಾಳೆ, ಅನ್ನಬೇಕು, ಅನ್ನಲು ಬಾಯಿ ತೆರೆದಾಗ ಸೊಂಟದ ಹಿಂದಿನಿಂದ ಏನೋ ಹೊರಟಿತು, ಎರಡೂ ಪಕ್ಕದಿಂದ ನಿಧಾನವಾಗಿ ಸುತ್ತಿ ಬಂದು ಹೊಕ್ಕುಳ ಕೆಳಗೆ ಗಂಟು ಹಾಕಿಕೊಂಡಿತು, ಅರೆ, ಇದು ಹೊಸದು, ಇದೇನಾ ಅದು, ಕೇಳಿದಳಲ್ಲ, ಕೇಳಿದರೆ ಅದಲ್ಲ ಅಂತ ಅರ್ಥ, ಬಿಟ್ಟಿತು, ಹೊಟ್ಟೆ ಕಲ್ಲಿನಿಂದ ಮತ್ತೆ ಹೊಟ್ಟೆಯಾಯಿತು, ಏನಾಯ್ತೇ, ಏನಿಲ್ಲ, ಮುಖ ಯಾಕೆ ಹಾಗಾಯ್ತು, ಏನಿಲ್ಲಮ್ಮ, ಎರಡನೆಯದು ಬಂದಾಗ ಮಂಚದ ಪಟ್ಟಿ ಹಿಡಿದುಕೊಂಡಳು, ಆಗಲೂ ಕುತೂಹಲವೇ ಹೆಚ್ಚು, ಎಲ್ಲಿಂದ ಶುರುವಾಗುತ್ತದೆ ಎಲ್ಲಿಗೆ ಹೋಗಿ ಮುಗಿಯುತ್ತದೆ ಅಂತ ಹಿಂದೆಯೇ ಹೋಗಿ ನೋಡುವ ಆಸೆ, ಅಮ್ಮ ಅಷ್ಟರಲ್ಲಿ ಬೀದಿಬಾಗಿಲಿಗೆ ಹೋಗಿ ಅಪ್ಪನನ್ನು ಕೂಗುತ್ತಿದ್ದಳು, ರೀ, ಹೋಗಿ ಆಟೋ ಕರ್ಕೊಂಬನ್ರೀ, ಆ ಮುನೇಶನ್ನೇ ಕರೀರಿ, ಅವನು ನಿಧಾನವಾಗಿ ಓಡಿಸ್ತಾನೆ, ಅಪ್ಪ ಚೆನ್ನರಾಯಪ್ಪ ಚಪ್ಪಲಿ ಮೆಟ್ಟಿದ್ದು ಕೇಳಿಸಿತು, ಬಲಗಾಲಿನದು ಎಡಗಾಲಿಗೆ ಹಾಕಿಕೊಂಡು ಬೈದುಕೊಂಡದ್ದೂ ಕೇಳಿಸಿತು, ಅಪ್ಪನ ಹೆಜ್ಜೆ ಬೀದಿ ತಿರುಗಿ ಮರೆಯಾಯಿತು, ನಾಗರಾಜನಿಗೆ ಫೋನು ಮಾಡಬೇಕು, ಮಾಡಿದರೆ ಜಿಪ್ಪು ಹಾಕಿದ್ಯಾ ಅನ್ನುತ್ತಾನೆ.

ಅಮ್ಮ ಒಳಗೆ ಬಂದಳು, ಬ್ಯಾಗಿನ ಮುಂದೆ ನಿಂತಳು, ಶ್ಯಾಮಲಮ್ಮನ ಸೀರೆ ಎತ್ತಿಕೊಂಡಳು, ನೋಡಿದಳು, ಮಂಚದ ಆಚೆ ಮೂಲೆಗೆ ಹಾಕಿದಳು, ಜೀರ್ಣವಾದ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದೇ ಹಳದಿ ದಾರ ಸುತ್ತಿ ಮಗಳ ಕೈಗೆ ಕೊಟ್ಟಳು, ಇಲ್ಲೇ ಕೂತಿರು, ಏಳಬೇಡ, ಎಲ್ಲಿಗಮ್ಮ, ಬರ್ತೀನಿ ಇರು, ಸೆರಗು ಸರಿ ಮಾಡಿಕೊಂಡಳು, ಬಾಗಿಲವರೆಗೆ ಹೋದವಳು ತಿರುಗಿ ಬಂದು ಅಡುಗೆಮನೆಯ ಒಳಗೆ ಹೋದಳು, ಡಬ್ಬಿಯ ಮುಚ್ಚಳ ತೆಗೆದ ಸದ್ದು, ಆಚೆ ಬಂದಾಗ ಕೈಯಲ್ಲಿ ದೊಡ್ಡಮ್ಮನ ಬಟ್ಟಲು, ಅದರ ತುಂಬ ಅಕ್ಕಿ, ಅರಿಶಿನ ಕಲಸಿದ ಅಕ್ಕಿ, ಸಕ್ಕರೆಯಲ್ಲ ಹುರಿಗಡಲೆಯಲ್ಲ, ಮದುವೆಯ ಅಕ್ಷತೆಯ ಅಕ್ಕಿ, ವರಲಕ್ಷ್ಮಿ ಉಸಿರು ಬಿಗಿಹಿಡಿದು ನೋಡುತ್ತಾಳೆ, ಅಮ್ಮನಿಗೆ ಗೊತ್ತು, ಕೋನಪ್ಪ ಅಮ್ಮನಿಗೂ ಹೇಳಿದ್ದಾನೆ, ಇಷ್ಟು ದಿನ ಗೊತ್ತಿತ್ತು ಅವಳಿಗೆ, ಗೊತ್ತಿದ್ದೂ ಬಟ್ಟಲು ತೊಳೆದಿಡುತ್ತಿದ್ದಳು, ಅಮ್ಮ ಮಗಳ ಕಣ್ಣು ತಪ್ಪಿಸಿ, ಗೋಡೆ ಕಡೆಯಿಂದ ಅಲ್ಲ ಕಣೇ, ಮುಂದಿನ ಬಾಗ್ಲಿಂದಾನೇ ಹೋಗ್ತೀನಿ, ಅಂದು ಹೊರಟುಹೋದಳು. ಮೂರನೆಯದು, ಇದು ಉದ್ದ, ಇದು ಹಿಂದೆಯೇ ಹೋಗಿ ನೋಡಲು ಬಿಡುವುದಿಲ್ಲ, ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ, ಕೈಯಲ್ಲಿದ್ದ ಗಂಟನ್ನು ಮೂಗಿಗೆ ಒತ್ತಿಕೊಂಡಳು, ಬೇವು, ಬರೀ ಬೇವು, ಅದರ ಕೆಳಗೆ ಎಲ್ಲೋ ಒಂದು ಎಳೆ ಹುಣಸೆ, ಇದೆಯೋ ತಾನೇ ಅಂದುಕೊಂಡದ್ದೋ, ಆಚೆ ಮನೆಯ ಕಬ್ಬಿಣದ ಗೇಟಿನ ಚಿಲಕ ಠಣ್ಣೆಂದಿತು, ಎರಡು ವರ್ಷದಿಂದ ಆ ಚಿಲಕವನ್ನು ಅಮ್ಮನ ಕೈ ಮುಟ್ಟಿಲ್ಲ, ಆಮೇಲೆ ಏನೂ ಇಲ್ಲ, ಗೋಡೆಗೆ ಕಿವಿ ಹಚ್ಚಿದಳು, ತಣ್ಣಗಿದೆ, ಏನು ಹೇಳುತ್ತಾಳೆ ಅಮ್ಮ, ಅಮ್ಮಾಜಕ್ಕ ಅನ್ನುತ್ತಾಳೆಯೇ, ತಪ್ಪಾಯಿತು ಅನ್ನುತ್ತಾಳೆಯೇ, ಅವಳ ಬಾಯಲ್ಲಿ ಆ ಮಾತು ಇದುವರೆಗೂ ಬಂದದ್ದು ಕೇಳಿಲ್ಲ, ದೊಡ್ಡಮ್ಮ ಏನನ್ನುತ್ತಾಳೆ, ಶ್ಯಾಮಲಮ್ಮ ಕೊಟ್ಟಳಲ್ಲ ಏಳು ಮಕ್ಕಳ ತಾಯಿ ಅನ್ನುತ್ತಾಳೆಯೇ, ಕೇಳಿಸಿಕೊಂಡಿರುತ್ತಾಳೆ ಎಲ್ಲವನ್ನೂ, ಎರಡು ದಿನದಿಂದ ಈ ಕಡೆಯ ಕಚ್ಚನ್ನೂ ಪರ್ರನ್ನೂ ಕೇಳುತ್ತಾ ಒಲೆಯ ಮುಂದೆ ಕೂತಿರುತ್ತಾಳೆ, ಬಾಗಿಲು ಹಾಕಿಕೊಂಡರೆ ಏನು ಮಾಡುವುದು, ಅಮ್ಮ ಬಟ್ಟಲು ಹಿಡಿದುಕೊಂಡು ಹೊಸ್ತಿಲಾಚೆಯೇ ನಿಂತಿರುತ್ತಾಳೆಯೇ, ಒಂದು ಮಾತೂ ಬರುತ್ತಿಲ್ಲವಲ್ಲ, ಕೆಮ್ಮೂ ಇಲ್ಲ, ದೂರದಲ್ಲಿ ಆಟೋ ಸದ್ದು, ಮುನೇಶನ ಆಟೋ, ಸೈಲೆನ್ಸರ್ ಒಡೆದದ್ದು, ಈಗ ಬಂದುಬಿಡುತ್ತಾನೆ, ಬೇಡ ಈಗಲೇ ಬರಬೇಡ, ಒಂದು ನಿಮಿಷ, ನೆಲದ ಮೇಲೆ ಏನೋ ಉದುರಿದ ಹಾಗೆ, ಸಣ್ಣಗೆ, ಚಟಪಟ, ಅಕ್ಕಿಯೇ, ಯಾರು ಯಾರ ಮೇಲೆ ಹಾಕಿದರು, ಬಟ್ಟಲು ಕೈಜಾರಿ ಬಿತ್ತೇ, ನಾಲ್ಕನೆಯದು ಹೊರಟಿದೆ ಸೊಂಟದಿಂದ, ಬರಲಿ, ಇದೇನಾ ಅಂತ ಕೇಳುವುದನ್ನು ಮರೆತೇಬಿಟ್ಟಳು, ಗೋಡೆಯ ಆಚೆ ಟ್ರಂಕಿನ ಮುಚ್ಚಳ ಕಿರ್ರೆಂದು ಎದ್ದಿತು, ಗೋಡೆಗೆ ತಾಗಿತು, ಏನೋ ಕೊಡವಿದ ಸದ್ದು, ಆಮೇಲೆ ಏನೂ ಸದ್ದಿಲ್ಲ, ಕಚ್ಚೆಂಬುದಿಲ್ಲ, ಈಳಿಗೆಯಿಲ್ಲ, ಕತ್ತರಿಯಿಲ್ಲ, ಸದ್ದಿಲ್ಲ, ಹುಬ್ಬು ಗಂಟಿಕ್ಕಿರುತ್ತದೆ ಈಗ, ಅಂಚಿನ ಮೂಲೆ ಬಾಯಲ್ಲಿರುತ್ತದೆ, ಈಗ ಬರುತ್ತದೆ, ಮುಂದಿನ ಎರಡು 
ಹಲ್ಲು, ಈಗ ಬರುತ್ತದೆ, ಹಲ್ಲು — 

ಪರ್.